ಗವಸು ಹಾಕಿದ ಊರಿನ ಚುನಾವಣೆ

ನಮ್ಮೂರಿನಲ್ಲಿ ನಡುಬೇಸಿಗೆಯಲ್ಲೂ ಜನ ಕೈಗವಸು ಹಾಕಿಕೊಂಡೇ ಓಡಾಡುತ್ತಾರೆ. ರೈಲಿಳಿದು ಬಂದ ಪರಸ್ಥಳದವರು ಇದೇನೋ ಹಳೇ ಕಾಲದ ಸಂಭಾವಿತರ ಪದ್ಧತಿ ಇರಬೇಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಎಂದು ನಾವೂ ಸುಮ್ಮನಿರುತ್ತೇವೆ. ಆ ಗವಸುಗಳನ್ನೆಲ್ಲ ಹೊಲಿಯುವವನು ನಾನೇ. ಹೆಸರು ಎಗೋನ್. ಮೊದಲು ಕೋಟು, ಪ್ಯಾಂಟು ಹೊಲಿಯುತ್ತಿದ್ದೆ. ಯುದ್ಧ ಸೋತ ಮೇಲೆ ಹೊಸ ಕೋಟು ಹೊಲಿಸುವ ತಾಕತ್ತು ಯಾರಿಗೂ ಉಳಿಯಲಿಲ್ಲ, ಆದರೆ ಗವಸಿಲ್ಲದೆ ಬೀದಿಗಿಳಿಯುವ ಧೈರ್ಯವೂ ಯಾರಿಗೂ ಇರಲಿಲ್ಲ. ಹಾಗಾಗಿ ಆ ಸೋಲಿನಿಂದ ಇಡೀ ಊರಿನಲ್ಲಿ ಒಳ್ಳೆಯದಾದದ್ದು ನನಗೊಬ್ಬನಿಗೆ.

ಆದದ್ದಿಷ್ಟು. ಆ ಕಾಲದಲ್ಲಿ ಪುರಭವನದ ಮುಂದಿನ ಚೌಕದಲ್ಲಿ ಧ್ವನಿವರ್ಧಕ ಕಟ್ಟಿದ್ದರು. 'ಆ ಕಾಲ' ಎಂದೇ ನಾವು ಹೇಳುವುದು. ಆಗ ದೇಶವನ್ನಾಳುತ್ತಿದ್ದ ಆತನ ಹೆಸರು ಈಗ ಯಾರ ಬಾಯಲ್ಲೂ ಬರುವುದಿಲ್ಲ. ದೂರದ ರಾಜಧಾನಿಯಿಂದ ಆತನ ಭಾಷಣ ಬರುವುದು, ನಾವು ನೆರೆಯುವುದು, ಚಪ್ಪಾಳೆ ತಟ್ಟುವುದು. ಕೊನೆಗೆ ಗೆದ್ದವರ ಟ್ಯಾಂಕುಗಳು ಊರೊಳಗೆ ಬಂದ ದಿನ ಬೆಳಿಗ್ಗೆ ಎದ್ದು ನೋಡಿದರೆ, ಚಪ್ಪಾಳೆ ತಟ್ಟಿದವರ ಅಂಗೈಗಳೆಲ್ಲ ನೀಲಿಯಾಗಿದ್ದವು. ತಟ್ಟಿದಷ್ಟೂ ಗಾಢ. ಶಾಸ್ತ್ರಕ್ಕೆ ತಟ್ಟಿದವರದ್ದು ತಿಳಿ ಆಕಾಶದ ಬಣ್ಣ, ಮೈಮರೆತು ತಟ್ಟಿದವರದ್ದು ಮಸಿಯ ಬಣ್ಣ. ಸೋಪು, ಸುಣ್ಣ, ಸೀಮೆಎಣ್ಣೆ, ಮರಳು ಎಲ್ಲ ಹಾಕಿ ಉಜ್ಜಿ ನೋಡಿದ್ದಾಯಿತು. ಆ ನೀಲಿ ಬೇರೆ ಯಾವುದಕ್ಕೂ ಹತ್ತುವುದಿಲ್ಲ, ನಮ್ಮನ್ನು ಬಿಡುವುದೂ ಇಲ್ಲ. ನನ್ನವು ಮಸಿಯ ಬಣ್ಣದವು. ಕೈಗೆತ್ತಿಕೊಂಡ ಕೆಲಸವನ್ನು ನಾನು ಮನಸ್ಸಿಟ್ಟು ಮಾಡುವವನು, ಏನು ಮಾಡಲಿ.

ಮನುಷ್ಯ ಎಂಥದ್ದಕ್ಕೂ ಹೊಂದಿಕೊಳ್ಳುತ್ತಾನೆ. ಹಸ್ತ ನೋಡಿ ಭವಿಷ್ಯ ಹೇಳುತ್ತಿದ್ದ ಮುದುಕಿ ಪಾದ ನೋಡಿ ಹೇಳಲು ಶುರುಮಾಡಿದಳು, ಮೊದಲಿಗಿಂತ ಜಾಸ್ತಿ ನಿಜವಾಗುತ್ತದೆ ಎಂದು ಜನವೂ ಒಪ್ಪಿದರು. ಬ್ರೆಡ್ಡಿನಲ್ಲಿ ಉಣ್ಣೆಯ ಎಳೆ ಸಿಕ್ಕರೆ ಯಾರೂ ಬೇಕರಿಯವನ ಮೇಲೆ ರೇಗುವುದಿಲ್ಲ. ಮದುವೆಯಲ್ಲಿ ಉಂಗುರವನ್ನು ಗವಸಿನ ಮೇಲೇ ತೊಡಿಸುತ್ತಾರೆ. ಚಪ್ಪಾಳೆಯಂತೂ ಊರಿನಿಂದಲೇ ಮಾಯವಾಯಿತು. ಹಾಡು ಹಿಡಿಸಿದರೆ, ಮಾತು ಮೆಚ್ಚಿಗೆಯಾದರೆ ಕಾಲು ಕುಟ್ಟುತ್ತೇವೆ. ಸಂಗೀತ ಕಛೇರಿ ಮುಗಿಯುವ ಹೊತ್ತಿಗೆ ಸಭಾಂಗಣದಲ್ಲಿ ಕುದುರೆಲಾಯದ ಸದ್ದು. ನಾನೊಬ್ಬ ಮಾತ್ರ ಪೂರ್ತಿ ಗವಸು ಹಾಕುವಂತಿಲ್ಲ, ಸೂಜಿ ಹಿಡಿಯಲು ಬರುವುದಿಲ್ಲ. ಅದಕ್ಕೇ ಬಲಗೈ ಗವಸಿನ ಹೆಬ್ಬೆರಳು, ತೋರುಬೆರಳುಗಳ ತುದಿ ಕತ್ತರಿಸಿಕೊಂಡಿದ್ದೆ. ಆ ಎರಡು ಬೆರಳ ತುದಿಗಳಲ್ಲಿ ನೀಲಿ ಇಲ್ಲವಾಗಿತ್ತು. ಸೂಜಿ ದಾರ ಉಜ್ಜಿ ಉಜ್ಜಿ ಹೋಗಿರಬೇಕು ಎಂದುಕೊಂಡಿದ್ದೆ.

ಹೀಗೆ ನೆಮ್ಮದಿಯಾಗಿದ್ದ ನಮ್ಮ ಮೇಲೆ ಆ ಬೇಸಿಗೆ ಚುನಾವಣೆ ಬಂದು ಬಿತ್ತು. ಗೆದ್ದ ಸೈನ್ಯದ ಕಡೆಯಿಂದ ನಮ್ಮೂರನ್ನು ನೋಡಿಕೊಳ್ಳಲು ಒಬ್ಬ ಮೇಜರ್ ಇದ್ದ. ನಮ್ಮ ಭಾಷೆಯನ್ನು ಪುಸ್ತಕ ಓದಿ ಕಲಿತವನು. ಒಂದು ಭಾನುವಾರ ಚೌಕದಲ್ಲಿ ಜನ ಸೇರಿಸಿ, "ಪ್ರಾಂತ್ಯಕ್ಕೆ ಶಾಸನಸಭೆಯು ಸ್ಥಾಪನೆಯಾಗಲಿದೆ. ಪ್ರತಿಯೊಂದು ಪಟ್ಟಣವೂ ಒಬ್ಬ ಸದಸ್ಯನನ್ನು ಆರಿಸಿ ಕಳಿಸತಕ್ಕದ್ದು. ಅಭ್ಯರ್ಥಿಯ ಅಂಗೈಗಳು ನಿಷ್ಕಳಂಕವಾಗಿರತಕ್ಕದ್ದು" ಎಂದು ಓದಿದ.

"ಮತ ಹಾಕೋರ ಅಂಗೈ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮೇಜರ್ ಸುತ್ತ ಗವಸಿನ ಸಮುದ್ರವನ್ನು ನೋಡಿದ. "ಅದನ್ನು ನೋಡುತ್ತ ಹೋದರೆ ಮತದಾನವು ಜರುಗುವುದಿಲ್ಲ" ಎಂದ.

ಅಭ್ಯರ್ಥಿಯೇ ಸಿಗದಿದ್ದರೆ ನಮ್ಮೂರನ್ನು ಹೊಳೆಯಾಚೆಯ ಊರಿನ ಕ್ಷೇತ್ರಕ್ಕೆ ಸೇರಿಸಿಬಿಡುತ್ತಾರಂತೆ. ಇದನ್ನು ಕೇಳಿ ಜನಕ್ಕೆ ಯುದ್ಧ ಸೋತದ್ದಕ್ಕಿಂತ ಹೆಚ್ಚು ಸಂಕಟವಾಯಿತು. ಆಚೆ ದಡದವರ ಅಂಗೈಗಳು ನಮಗಿಂತ ತಿಳಿ. ನಮಗಿಂತ ಒಳ್ಳೆಯವರೆಂದಲ್ಲ, ಹುಟ್ಟಾ ಸೋಮಾರಿಗಳು, ನಾಲ್ಕು ಸಲ ಕೈ ತಟ್ಟಲೂ ಬೇಸರ. ಅಂಥವರ ಕೈಕೆಳಗೆ ನಾವು ಬಾಳಬೇಕೆ?

ಶುದ್ಧ ಅಂಗೈಗಾಗಿ ಹುಡುಕಾಟ ಶುರುವಾಯಿತು. ಮೊದಲು ಎಲ್ಲರಿಗೂ ಹೊಳೆದದ್ದು ಅಂಚೆ ಕಚೇರಿಯ ಬ್ರೂನೋ. ಹಿಂದಿನ ಯಾವುದೋ ಯುದ್ಧದಲ್ಲೇ ಒಂದು ತೋಳು ಕಳೆದುಕೊಂಡವನು, ಮಾತಿನಲ್ಲಿ ಮಾತ್ರ ನಾಲ್ಕು ತೋಳಿನವನು. ಒಂದೇ ಕೈಯಿಂದ ಚಪ್ಪಾಳೆಯಾಗುತ್ತದೆಯೇ? ಹಾರ ಹಿಡಿದು ಮನೆಗೆ ಹೋದವರನ್ನು ಬ್ರೂನೋ ಒಳಗೆ ಕರೆದು, ಬಾಗಿಲು ಹಾಕಿ, ಪ್ಯಾಂಟು ಸ್ವಲ್ಪ ಜಾರಿಸಿ ತೋರಿಸಿದ. ತೊಡೆ ಅಚ್ಚ ನೀಲಿ. "ನನಗೂ ಉತ್ಸಾಹ ಇರಲ್ವೇನ್ರಯ್ಯಾ? ಒಂದು ಕೈ ಇತ್ತು, ಒಂದು ತೊಡೆ ಇತ್ತು, ಸರಿಹೋಯ್ತು" ಎಂದ. ಹಾರವನ್ನು ವಾಪಸು ತಂದರು.

ಹುಡುಕುವವರ ಗುಂಪಿನಲ್ಲಿ ನಾನೂ ಇದ್ದೆ. ಒಬ್ಬ ಯೋಚನೆಯಿಲ್ಲದೆ, "ಅಲ್ರೀ, ಗಡಿಯಾರದ ಯೋನಾಸ್ ಮನೆಯವರು ಒಂದ್ಸಲಾನೂ ತಟ್ಟಿರಲಿಲ್ಲವಲ್ಲ" ಎಂದುಬಿಟ್ಟ. ನಾವೆಲ್ಲ ನಮ್ಮ ನಮ್ಮ ಗವಸುಗಳನ್ನು ನೋಡಿಕೊಂಡೆವು. ಚೌಕದ ಮೂಲೆಯ ಗಡಿಯಾರ ರಿಪೇರಿ ಅಂಗಡಿಗೆ ಆ ಕಾಲದಲ್ಲೇ ಬೀಗ ಬಿದ್ದಿತ್ತು. ಒಂದು ಮುಂಜಾನೆ ಲಾರಿ ಬಂದು ಯೋನಾಸ್, ಅವನ ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗಿತ್ತು. ಮತ್ತೆ ಅವರು ಬರಲಿಲ್ಲ. ಆ ಮಾತೆತ್ತಿದವನೇ ಕೆಮ್ಮಿ, ಬೇರೆ ಬೀದಿ ನೋಡೋಣ ಎಂದ.

ಆ ಬೀಗದ ಅಂಗಡಿಯ ಮೆಟ್ಟಿಲ ಮುಂದೆಯೇ ಟಿಲ್ಡ ಒಲೆ ಇಟ್ಟುಕೊಂಡು ಸುಟ್ಟ ಆಲೂಗಡ್ಡೆ ಮಾರುತ್ತಿದ್ದಳು. ಗಂಡ ಯುದ್ಧದಲ್ಲಿ ತೀರಿಕೊಂಡವಳು. ಬಿಸಿ ಬೂದಿಯಿಂದ ಆಲೂಗಡ್ಡೆ ತೆಗೆದು, ಬರಿಗೈಯಲ್ಲೇ ಸಿಪ್ಪೆ ಸುಲಿದು, ಉಪ್ಪು ಉದುರಿಸಿ ಕೊಡುವಳು. ಕೈ ಸದಾ ಇದ್ದಿಲ ಕಪ್ಪು. ದಿನಾ ಮಧ್ಯಾಹ್ನ ನಾನು ಅವಳ ಹತ್ತಿರ ಒಂದು ಆಲೂಗಡ್ಡೆ ತಿನ್ನುತ್ತಿದ್ದೆ. ಅಷ್ಟೇನೂ ಹಸಿವಿರುತ್ತಿರಲಿಲ್ಲ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಟಿಲ್ಡಳ ಬಾಯಿಂದ ಬೈಸಿಕೊಂಡರೆ ಮಧ್ಯಾಹ್ನ ಚೆನ್ನಾಗಿ ಕಳೆಯುತ್ತಿತ್ತು.

"ಗವಸು ಹಾಕ್ಕೊಂಡು ತಿಂತೀಯಲ್ಲ, ನೀನು ತಿಂತಿದೀಯೋ ನಿನ್ನ ಗವಸಿಗೆ ತಿನ್ನಿಸ್ತಿದೀಯೋ?" ಎನ್ನುವಳು.

"ಬಿಸಿ ಇರುತ್ತೆ."

"ಬಿಸಿ ಇರೋದೇ ಅದರ ರುಚಿ, ಮಹರಾಯ."

ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಕೇಳಿದ ಮೇಲೆ ಎಂದಾದರೊಂದು ದಿನ ಗವಸು ಬಿಚ್ಚಬೇಕಾಗುತ್ತದೆ. ಆ ಮಸಿ ಬಣ್ಣ ನೋಡಿ ಅವಳ ಮುಖ ಹೇಗಾದೀತು ಎಂದು ನೆನೆದು, ಇನ್ನೊಂದು ಚಿಟಿಕೆ ಉಪ್ಪು ಕೇಳಿ ಎದ್ದುಬರುತ್ತಿದ್ದೆ.

ಒಂದು ಸಂಜೆ ಕಾರಂಜಿಯ ಹತ್ತಿರ ಟಿಲ್ಡ ಕೈ ತೊಳೆಯುತ್ತಿದ್ದಾಗ ಬ್ರೂನೋ ಪಕ್ಕದಲ್ಲೇ ನಿಂತಿದ್ದನಂತೆ. ಇದ್ದಿಲ ಕಪ್ಪು ಹರಿದು ಹೋಗಿ ಅಂಗೈ ಕಂಡಿತು. ಬ್ರೂನೋ ಕೂಗಿಕೊಂಡ ಕೂಗಿಗೆ ಮೇಜರ್ ಸಾಹೇಬನೇ ಪಿಸ್ತೂಲು ಹಿಡಿದು ಹೊರಗೆ ಬಂದ. ಟಿಲ್ಡಳ ಅಂಗೈಗಳು ಆಗ ತಾನೇ ನಾದಿದ ಹಿಟ್ಟಿನ ಹಾಗಿದ್ದವು, ನೀಲಿಯ ಸುಳಿವೇ ಇಲ್ಲ. ಅಲ್ಲಿಂದ ಮುಂದೆ ಅವಳ ಮಾತನ್ನು ಯಾರೂ ಕೇಳಲಿಲ್ಲ. "ನನ್ನ ಬಿಡ್ರಪ್ಪ, ನನಗೆ ಒಲೆ ಇದೆ" ಎಂದಳು. ಹೊಳೆಯಾಚೆಯವರ ಹೆಸರು ಹೇಳಿ ಒಪ್ಪಿಸಿದರು.

ಊರಿಗೆ ಊರೇ ಟಿಲ್ಡಕ್ಕನ ಹಿಂದೆ ಬಿತ್ತು. ತಾಯಂದಿರು ಕೂಸುಗಳನ್ನು ತಂದು, ತಲೆ ಮೇಲೆ ಒಂದ್ಸಲ ಕೈ ಇಡಮ್ಮಾ ಎನ್ನುತ್ತಿದ್ದರು. ಆ ಕಾಲದಲ್ಲೂ ನಮ್ಮಲ್ಲಿ ಎಂಥವರಿದ್ದರು ನೋಡಿ, ನಾವೇನು ಅಷ್ಟು ಕೆಟ್ಟವರಲ್ಲ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಅವಳ ಕೈ ನೋಡಿ ತಮ್ಮ ಕೈಯೇ ತೊಳೆದಷ್ಟು ಸಮಾಧಾನ ಅವರಿಗೆ. ಟಿಲ್ಡ ಮಾತ್ರ ದಿನದಿನಕ್ಕೆ ಸಪ್ಪಗಾಗುತ್ತಿದ್ದಳು. ನನ್ನನ್ನು ಬೈಯುವುದನ್ನೂ ನಿಲ್ಲಿಸಿದಳು. ಆಲೂಗಡ್ಡೆಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು.

ಹಳೇ ಮೇಯರ್ ವಾಲ್ಡೆಮಾರ್ ಒಬ್ಬರಿಗೆ ಮಾತ್ರ ಇದು ಸರಿಬರಲಿಲ್ಲ. ಆ ಕಾಲದಲ್ಲಿ ಪುರಭವನದ ಬಾಲ್ಕನಿಯ ಮೇಲೆ ನಿಂತು, ಯಾವಾಗ ತಟ್ಟಬೇಕು ಎಂದು ನಮಗೆ ಸನ್ನೆ ಮಾಡುತ್ತಿದ್ದವರು ಅವರೇ. ಮೊದಲು ಟಿಲ್ಡಳ ಹತ್ತಿರ ಹೋಗಿ, "ಕೈ ನಿನ್ನದು, ತಲೆ ನನ್ನದು, ಏನಂತೀಯಮ್ಮ?" ಎಂದು ಕೇಳಿದರಂತೆ. "ನನಗೂ ಒಂದು ತಲೆ ಇದೆ ಸಾಹೇಬ್ರೆ, ನೋವು ಬಂದಾಗ ಗೊತ್ತಾಗುತ್ತೆ" ಎಂದು ಅವಳು ಕಳಿಸಿದಳಂತೆ. ಅದಾದ ವಾರದಲ್ಲೇ ವಾಲ್ಡೆಮಾರ್ ತಮ್ಮ ಅಳಿಯ ಲೊಥಾರನನ್ನು ಊರಿಗೆ ಕರೆತಂದರು. ಎದೆಯ ಕಾಯಿಲೆಗೆಂದು ಆ ಕಾಲವೆಲ್ಲ, ಅದಾದ ಮೇಲೂ ಇಷ್ಟು ವರ್ಷ, ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಕಳೆದ ಬಡಕಲ ಮನುಷ್ಯ. ಅಂಗೈ ಹಾಲಿನಷ್ಟು ಬಿಳಿ.

ಲೊಥಾರನ ಭಾಷಣಗಳನ್ನು ಮಾವನೇ ಬರೆಯುತ್ತಿದ್ದರು. ಅಂಗೈಯಲ್ಲಿ ಅರಮನೆ ತೋರಿಸುವುದು ವಾಲ್ಡೆಮಾರರಿಗೆ ಹೊಸದಲ್ಲ. ನಾನು ಗೆದ್ದರೆ ಪ್ರಾಂತ್ಯದ ಖರ್ಚಿನಲ್ಲಿ ಪ್ರತಿ ಪ್ರಜೆಗೂ ಚಳಿಗಾಲಕ್ಕೊಂದು ಬೇಸಿಗೆಗೊಂದು ಜೊತೆ ಗವಸು ಪುಕ್ಕಟೆ, ಎಂದು ಲೊಥಾರ್ ಕೆಮ್ಮಿನ ನಡುವೆ ಓದಿದ. ಚೌಕದಲ್ಲಿ ಕಾಲು ಕುಟ್ಟಿದ ಸದ್ದಿಗೆ ಪುರಭವನದ ಕಿಟಕಿಗಾಜು ಅದುರಿದವು. ಮಾರನೆಯ ದಿನ ವಾಲ್ಡೆಮಾರ್ ನನ್ನ ಅಂಗಡಿಗೇ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕುಳಿತು, "ಇಡೀ ಪ್ರಾಂತ್ಯದ ಗವಸು, ಎಗೋನ್. ಹೊಲಿಯೋನು ಒಬ್ಬ ಬೇಕಲ್ಲ" ಎಂದರು. ಆಮೇಲೆ ಮೆಲ್ಲಗೆ, "ಆಲೂಗಡ್ಡೆ ತಿನ್ನೋದು ಸ್ವಲ್ಪ ಕಡಿಮೆ ಮಾಡು" ಎಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಹೊಸ ಹೊಲಿಗೆ ಯಂತ್ರಗಳು ಸಾಲಾಗಿ ನಿಂತಂತೆ, ಬಾಗಿಲ ಮೇಲೆ ಚಿನ್ನದ ಬಣ್ಣದ ಬೋರ್ಡು ಬಂದಂತೆ ಕಂಡಿತು. ಟಿಲ್ಡ ಗೆದ್ದು ಪ್ರಾಂತ್ಯದ ರಾಜಧಾನಿಗೆ ಹೋದರೆ ನನಗೆ ಮಧ್ಯಾಹ್ನದ ಬೈಗುಳವೂ ತಪ್ಪುತ್ತದೆ. ಅವಳು ಸೋತರೆ ಒಲೆಯೂ ಇಲ್ಲೇ, ಗವಸಿನ ಆರ್ಡರೂ ಇಲ್ಲೇ. ಹಾವೂ ಸಾಯದ ಕೋಲೂ ಮುರಿಯದ ಲೆಕ್ಕಾಚಾರ. ಆದರೂ ಆ ಮಧ್ಯಾಹ್ನ ಆಲೂಗಡ್ಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮತದಾನದ ಹಿಂದಿನ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಟಿಲ್ಡ ಬಂದಳು. "ನನಗೊಂದು ಜೊತೆ ಗವಸು ಕೊಡು" ಎಂದಳು.

"ನಿನಗ್ಯಾಕೆ? ಊರಲ್ಲಿ ಗವಸು ಬೇಡದೇ ಇರೋಳು ನೀನೊಬ್ಳೇ."

"ಎಲ್ಲರೂ ಬಂದು ಈ ಕೈಗೆ ಮುತ್ತಿಡ್ತಾರೆ ಎಗೋನ್. ನಾಚಿಕೆಯಾಗುತ್ತೆ." ತನ್ನ ಅಂಗೈ ಮಗುಚಿ ನೋಡಿಕೊಂಡು ಹೇಳಿದಳು: "ನಂದೂ ನೀಲಿನೇ ಇತ್ತು."

ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

"ನಾನೂ ಚೌಕದಲ್ಲಿ ನಿಂತು ತಟ್ಟಿದ್ದೆ. ಒಲೆ ಬಿಟ್ಟು ಬಂದು ತಟ್ಟಿದ್ದೆ, ಆಲೂಗಡ್ಡೆ ಸೀದುಹೋಗ್ತಿದ್ವು. ಎಲ್ಲರ ಹಾಗೇ ನಂದೂ ನೀಲಿಯಾಯ್ತು. ಗವಸು ಹಾಕ್ಕೊಂಡ್ರೆ ಬೂದಿಗೆ ಕೈ ಹಾಕೋಕಾಗಲ್ಲ, ಸುಟ್ಟುಹೋಗುತ್ತೆ. ಅದಕ್ಕೆ ಹಾಕ್ಕೊಳ್ಳಲಿಲ್ಲ. ಇದ್ದಿಲ ಕಪ್ಪಲ್ಲಿ ಯಾರಿಗೂ ಕಾಣಲಿಲ್ಲ. ದಿನಾ ಬಿಸಿಲಲ್ಲಿ ಕೂತು ಸಿಪ್ಪೆ ಸುಲೀತಿದ್ದೆನಲ್ಲ, ಒಂದಿನ ತೊಳ್ಕೊಂಡಾಗ ನೋಡಿದ್ರೆ ತಿಳಿಯಾಗಿತ್ತು. ಮುಂದಿನ ಬೇಸಿಗೆಗೆ ಇನ್ನೂ ತಿಳಿ. ಆಮೇಲೆ ಇಲ್ಲವೇ ಇಲ್ಲ. ಬಿಸಿಲಿಗೆ ಹೋಗುತ್ತೆ ಎಗೋನ್, ಅಷ್ಟೇ. ಮುಚ್ಚಿಟ್ಟರೆ ಹೋಗಲ್ಲ."

ನಾನು ನನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ನೋಡಿದೆ. ಗವಸಿನಿಂದ ಹೊರಗೆ ಇಣುಕಿದ್ದ ಎರಡು ತುದಿಗಳು, ನೀಲಿಯಿಲ್ಲದೆ. ಕಿಟಕಿ ಪಕ್ಕ ಬೆಳಕಿನಲ್ಲೇ ಅಲ್ಲವೇ ನಾನು ಹೊಲಿಯಲು ಕೂರುವುದು? ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವಂತೆ. ನನಗೆ ಇಷ್ಟು ವರ್ಷ ಬೇಕಾಯಿತು. ಆಮೇಲೆ ಕಣ್ಣು ತಾನಾಗಿ ಕಪಾಟಿನತ್ತ ಹೋಯಿತು, ಅಲ್ಲಿ ಅಟ್ಟಿ ಅಟ್ಟಿಯಾಗಿ ಜೋಡಿಸಿಟ್ಟ ಗವಸುಗಳತ್ತ. ಊರಿನ ನೀಲಿಯನ್ನು ಇಷ್ಟು ಹೊಸದಾಗಿ, ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು ನನ್ನ ಹೊಲಿಗೆ.

"ನಾಳೆ ಹೇಳ್ತೀನಿ, ಎಲ್ಲರ ಮುಂದೆ" ಎಂದಳು ಟಿಲ್ಡ.

"ಹುಚ್ಚಾ ನಿನಗೆ? ನಾಳೆ ಒಂದಿನ ಬಾಯಿ ಮುಚ್ಕೊಂಡಿರು. ಗೆದ್ದ ಮೇಲೆ ಹೇಳಿದ್ರಾಯ್ತು."

"ಗೆದ್ದ ಮೇಲೆ ಯಾರು ಹೇಳಿದಾರೆ, ಎಗೋನ್?"

ಅವಳು ನನ್ನ ಗವಸಿನ ಕಡೆ ನೋಡಿ, "ನಿನ್ನ ಕೈ ಒಂದ್ಸಲ ತೋರಿಸು" ಎಂದಳು. ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. ಅವಳು ಗವಸು ತೆಗೆದುಕೊಳ್ಳದೆಯೇ ಹೊರಟುಹೋದಳು.

ಮರುದಿನ ಒಳ್ಳೇ ಬಿಸಿಲು. ಮತಪೆಟ್ಟಿಗೆಗೆ ಬೀಗ ಹಾಕುವ ಮೊದಲು ಅಭ್ಯರ್ಥಿಗಳ ಅಂಗೈ ಪರೀಕ್ಷೆ. ಪುರಭವನದ ಮೆಟ್ಟಿಲ ಮೇಲೆ ಮೇಜರ್ ಭೂತಗನ್ನಡಿ ಹಿಡಿದು ನಿಂತ. ಲೊಥಾರನ ಕೈ ನೋಡಿ ತಲೆಯಾಡಿಸಿದ, ಜನ ಕಾಲು ಕುಟ್ಟಿದರು. ಟಿಲ್ಡಳ ಕೈ ನೋಡಿ ತಲೆಯಾಡಿಸಿದ, ಜನ ಇನ್ನೂ ಜೋರಾಗಿ ಕುಟ್ಟಿದರು. ಸದ್ದು ಅಡಗುವವರೆಗೆ ಕಾದು ಟಿಲ್ಡ ಹೇಳಿಬಿಟ್ಟಳು. ನನಗೆ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ, ಸೀದುಹೋದ ಆಲೂಗಡ್ಡೆಯನ್ನೂ ಬಿಡದೆ. ಕೊನೆಗೆ, "ಈ ಊರಲ್ಲಿ ಚಪ್ಪಾಳೆ ತಟ್ಟದೇ ಇದ್ದೋರು ಒಂದೇ ಮನೆಯೋರು. ಅವರ ಅಂಗಡಿ ಬಾಗಿಲಲ್ಲೇ ನಾನು ಒಲೆ ಇಟ್ಟಿರೋದು. ಅವರಿಗೆ ಹಾಕಬೇಕಾಗಿದ್ದ ಹಾರ ನನಗೆ ಹಾಕಬೇಡಿ. ಮತ ಹಾಕೋದಿದ್ರೆ ಆಲೂಗಡ್ಡೆ ಟಿಲ್ಡಳಿಗೆ ಹಾಕಿ" ಎಂದಳು.

ಚೌಕದಲ್ಲಿ ಒಂದು ಕಾಲೂ ಅಲುಗಲಿಲ್ಲ. ಮೊದಲು ಬಾಯಿ ಬಿಟ್ಟವರು ವಾಲ್ಡೆಮಾರ್.

"ಸುಳ್ಳು! ನೀಲಿ ಹೋಗೋ ಹಾಗಿದ್ರೆ ಇಷ್ಟು ಜನರಲ್ಲಿ ಯಾರದಾದ್ರೂ ಹೋಗಿರ್ತಿತ್ತು. ಇವಳು ನಮ್ಮೆಲ್ಲರ ಗವಸು ಬಿಚ್ಚಿಸಿ ಮಾನ ಕಳೆಯೋಕೆ ಹೊರಟಿದಾಳೆ. ಹೋಗಿದೆ ಅನ್ನೋದಕ್ಕೆ ಯಾರ ಹತ್ರಾದ್ರೂ ಸಾಕ್ಷಿ ಇದೆಯಾ?"

ಜನ ಗೊಣಗಲು ಶುರುಮಾಡಿದರು. ಹೌದಲ್ಲ, ಯಾರದ್ದೂ ಹೋಗಿಲ್ಲವಲ್ಲ, ಎಂದು ಒಬ್ಬಳು ಹೇಳುವುದು ನನ್ನ ಕಿವಿಗೇ ಬಿತ್ತು. ಮುಂದಿನ ಸಾಲಿನವರು ಟಿಲ್ಡಳಿಂದ ಎರಡು ಹೆಜ್ಜೆ ಹಿಂದೆ ಸರಿದರು. ನಿನ್ನೆ ಕೂಸಿನ ತಲೆ ಮೇಲೆ ಕೈ ಇಡಿಸಿಕೊಂಡವರೇ. ಟಿಲ್ಡ ಬಿಸಿಲಿನಲ್ಲಿ ಒಬ್ಬಳೇ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ತಲೆ ತಗ್ಗಿಸಿಬಿಡುತ್ತಿದ್ದೆನೋ ಏನೋ. ನೋಡದೇ ಇದ್ದದ್ದರಿಂದಲೇ ನಾನು ಮುಂದಿನವರನ್ನು ಸರಿಸಿ ನಡೆದೆ.

ನಾನು ಹೇಗೆ ಮೆಟ್ಟಿಲು ಹತ್ತಿದೆನೋ ಗೊತ್ತಿಲ್ಲ. ಬಲಗೈ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಸಾಕಿ, ಕೈ ಎತ್ತಿ ಹಿಡಿದೆ. ನನ್ನ ಅಂಗೈ ನನಗೇ ಹೊಸದಾಗಿ ಕಂಡಿತು. ಮಸಿಯಲ್ಲಿ ಅದ್ದಿ ತೆಗೆದಂತಿತ್ತು. ಅದರಲ್ಲಿ ಎರಡು ಬೆರಳ ತುದಿ ಮಾತ್ರ ಬೆಳ್ಳಗೆ, ಗವಸು ಕತ್ತರಿಸಿದ ಅಂಚು ಎಲ್ಲಿತ್ತೋ ಅಲ್ಲಿಗೆ ಗೆರೆ ಕೊಯ್ದ ಹಾಗೆ.

"ಸಾಕ್ಷಿ ಇಲ್ಲಿದೆ" ಎಂದೆ. "ಗವಸು ಇರೋ ಕಡೆ ನೀಲಿ ಇದೆ. ಇಲ್ಲದ ಕಡೆ ಇಲ್ಲ. ಇದನ್ನ ಹೊಲಿದೋನು ನಾನೇ, ನನಗಿಂತ ಬೇರೆ ಯಾರು ಹೇಳಬೇಕು."

"ಅದು ಸೂಜಿ ಉಜ್ಜಿ ಹೋಗಿರೋದು!" ಎಂದು ವಾಲ್ಡೆಮಾರ್ ಕಿರುಚಿದರು.

ಆಗ ಗುಂಪಿನ ನಡುವಿನಿಂದ ಬ್ರೂನೋನ ದನಿ ಬಂತು. "ತಡೀರಿ ಸಾಹೇಬ್ರೆ! ನನ್ನ ಅಂಗೈ ತೊಡೆ ಎರಡೂ ಒಟ್ಟಿಗೇ ನೀಲಿಯಾಗಿದ್ದು. ಕಚೇರಿಯೊಳಗೆ ಒಬ್ಬನೇ ಕಿಟಕಿ ಪಕ್ಕ ಕೂತು ಕಾಗದ ವಿಂಗಡಿಸುವಾಗ ನಾನು ಗವಸು ಬಿಚ್ಚಿಡ್ತೀನಿ. ಕೈ ಎಷ್ಟು ತಿಳಿಯಾಗಿದೆ ನೋಡಿ. ಇನ್ನು ತೊಡೆ, ಅದಕ್ಕೆ ಬಿಸಿಲು ತೋರಿಸೋಕೆ ಇವತ್ತಿನವರೆಗೂ ಸಂದರ್ಭ ಬಂದಿಲ್ಲ. ಮೇಜರ್ ಅಪ್ಪಣೆ ಕೊಟ್ರೆ..." ಎನ್ನುತ್ತ ಬೆಲ್ಟಿಗೆ ಕೈ ಹಾಕಿದ.

"ಅನಗತ್ಯ!" ಎಂದು ಮೇಜರ್ ಕೂಗಿದ. ಆದರೆ ಅಷ್ಟರಲ್ಲಿ ಜನ ನಗಲು ಶುರುಮಾಡಿಬಿಟ್ಟಿದ್ದರು. ಮೊದಲು ಹೆಂಗಸರು, ಆಮೇಲೆ ಎಲ್ಲರೂ.

ನಗು ನಿಂತ ಮೇಲೆ ಮೇಜರನಿಗೆ ಏನೋ ಹೊಳೆಯಿತು. ಲೊಥಾರನ ಕಡೆ ತಿರುಗಿ, "ಮಹನೀಯರೇ, ತಮ್ಮ ಆಸ್ಪತ್ರೆಯಲ್ಲಿ ಚಿಕಿತ್ಸೆಯು ಯಾವ ವಿಧವಾಗಿತ್ತು?" ಎಂದು ಕೇಳಿದ.

ಲೊಥಾರ್ ಮಾವನ ಮುಖ ನೋಡಿದ, ನೆಲ ನೋಡಿದ, ಕೆಮ್ಮಿದ. ಒಳ್ಳೇ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಬಿಸಿಲಲ್ಲಿ ಮಲಗಿಸ್ತಿದ್ರು" ಎಂದ. "ಬೆಳಗಿಂದ ಸಂಜೆವರೆಗೆ. ಅಂಗಾತ." ಆಮೇಲೆ ಇನ್ನೂ ಮೆಲ್ಲಗೆ, "ಅಲ್ಲೂ ರೇಡಿಯೋ ಇತ್ತು, ಸ್ವಾಮಿ" ಎಂದ.

ಮೇಜರ್ ನಿಯಮದ ಪುಸ್ತಕ ತೆಗೆದು ಹಿಂದೆ ಮುಂದೆ ತಿರುವಿ ನೋಡಿದ. ಅಂಗೈ ನಿಷ್ಕಳಂಕವಾಗಿರತಕ್ಕದ್ದು ಎಂದಿತ್ತೇ ಹೊರತು ಯಾವಾಗಿನಿಂದ ಎಂದು ಎಲ್ಲೂ ಬರೆದಿರಲಿಲ್ಲ. ಪುಸ್ತಕ ಮುಚ್ಚಿ, "ಮತದಾನವು ಆರಂಭವಾಗತಕ್ಕದ್ದು" ಎಂದು ನೆರಳಿಗೆ ಹೋಗಿ ಕುಳಿತ.

ಟಿಲ್ಡ ಗೆದ್ದಳು. ಭಾರೀ ಏನಲ್ಲ, ಒಂದು ಸಣ್ಣ ಮದುವೆಗೆ ಬರುವಷ್ಟು ಜನರ ಅಂತರ. ಪರದೆಯ ಹಿಂದೆ ಯಾರು ಯಾರಿಗೆ ಹಾಕಿದರೋ ದೇವರಿಗೇ ಗೊತ್ತು. ಎದುರಿಗೆ ಸಿಕ್ಕವರೆಲ್ಲ ನಾನು ಅವಳಿಗೇ ಹಾಕಿದ್ದು ಎನ್ನುತ್ತಾರೆ. ಹಾಗಾದರೆ ಲೊಥಾರನಿಗೆ ಅಷ್ಟು ಮತ ಆಕಾಶದಿಂದ ಬಿದ್ದವೇ? ಸೋಮವಾರ ಅವಳು ರಾಜಧಾನಿಯ ರೈಲು ಹತ್ತಿದಾಗ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಕಾಲು ಕುಟ್ಟಿದರು. ಒಲೆಯನ್ನು ಬ್ರೂನೋಗೆ ವಹಿಸಿ ಹೋಗಿದ್ದಳು. ಅವನು ಒಂದೇ ಕೈಯಲ್ಲಿ ಸುಲಿದ ಆಲೂಗಡ್ಡೆಯಲ್ಲಿ ಸಿಪ್ಪೆಯೇ ಜಾಸ್ತಿ. ರೈಲಿನ ಕಿಟಕಿಯಿಂದ ಅವಳು ಎಲ್ಲರಿಗೂ ಕೈ ಬೀಸಿದಳು. ನನಗೇ ಎಂದು ಬೀಸಿದಳೋ ಇಲ್ಲವೋ ತಿಳಿಯಲಿಲ್ಲ. ನಾನು ಆಗಲೇ ಮತ್ತೆ ಗವಸು ಹಾಕಿಕೊಂಡಿದ್ದೆ. ಮೆಟ್ಟಿಲ ಮೇಲೆ ಅವಳು ನನ್ನ ಅಂಗೈ ನೋಡಿದ್ದಳು. ನೋಡಿದ ಮೇಲೆ ನನ್ನ ಜೊತೆ ಒಂದು ಮಾತನ್ನೂ ಆಡಿರಲಿಲ್ಲ.

ಊರು ಬದಲಾಯಿತೇ ಎಂದರೆ, ಮರುದಿನ ಬೆಳಿಗ್ಗೆ ಬೇಕರಿಯ ಮುಂದೆ ನಿಂತ ಸಾಲಿನಲ್ಲಿ ಎಲ್ಲರ ಕೈಯಲ್ಲೂ ಗವಸಿತ್ತು. ಮತ ಹಾಕುವುದು ಬೇರೆ, ಗವಸು ಬಿಚ್ಚುವುದು ಬೇರೆ. ಬ್ರೂನೋ ಒಬ್ಬನೇ ಒಲೆಯ ಪಕ್ಕ ಚಡ್ಡಿ ಹಾಕಿಕೊಂಡು ತೊಡೆಯನ್ನು ಬಿಸಿಲಿಗೆ ಒಡ್ಡಿ ಕೂರತೊಡಗಿದ. ನನ್ನ ಅಂಗಡಿಗೆ ಇನ್ನು ಯಾರೂ ಬರುವುದಿಲ್ಲ ಎಂದು ಕತ್ತರಿಗೆ ಎಣ್ಣೆ ಹಚ್ಚಿ ಎತ್ತಿಡುತ್ತಿದ್ದಾಗ, ಹಿಂಬಾಗಿಲಿನಿಂದ ಡಾಕ್ಟರು ಬಂದರು. ಸುತ್ತ ನೋಡಿ, "ಎಗೋನ್, ಅಂಗೈ ಭಾಗ ಇಲ್ಲದ ಗವಸು ಆಗುತ್ತಾ? ಮೇಲಿಂದ ನೋಡಿದ್ರೆ ಗವಸಿನ ಹಾಗೇ ಇರಬೇಕು" ಎಂದರು. ಸಂಜೆಯೊಳಗೆ ಪಾದ ನೋಡುವ ಮುದುಕಿ ಬಂದಳು, ಬೇಕರಿಯವನು ಬಂದ. ವಾಲ್ಡೆಮಾರರ ಮನೆಯಿಂದ ಅಡುಗೆಯವಳು ಬಂದು, ಯಾರಿಗೆ ಎಂದು ಕೇಳಬೇಡಿ, ದೊಡ್ಡ ಸೈಜು ಎಂದಳು. ಈಗ ನಮ್ಮೂರಿನ ಹಿತ್ತಿಲುಗಳಲ್ಲಿ ಮಧ್ಯಾಹ್ನ ಗೋಡೆಯಾಚೆ ಇಣುಕಿದರೆ, ಜನ ಕುರ್ಚಿ ಹಾಕಿಕೊಂಡು ಅಂಗೈ ಮೇಲೆ ಮಾಡಿ ಕೂತಿರುವುದು ಕಾಣುತ್ತದೆ. ಹೆಜ್ಜೆ ಸದ್ದಾದರೆ ಸಾಕು, ಕೈ ತಿರುಗಿಸಿ ಗವಸು ತೋರಿಸುತ್ತಾರೆ.

ನಾನು ಮಾತ್ರ ಹಿತ್ತಿಲಿಗೆ ಹೋಗಲಿಲ್ಲ. ಹೇಗೂ ಊರೆಲ್ಲ ನೋಡಿಯಾಗಿದೆ. ಅಂಗಡಿಯ ಮುಂದೆ ಸ್ಟೂಲು ಹಾಕಿ, ಗವಸು ಬಿಚ್ಚಿ, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಬಿಸಿಲಿಗೆ ಒಣಹಾಕಿ ಕೂತೆ. ಮೊದಲ ದಿನ ಬೀದಿಯಲ್ಲಿ ಬೆತ್ತಲೆ ಕೂತಂತಾಯಿತು. ಎರಡನೆಯ ದಿನ ಒಂದು ಕೂಸು ಬಂದು ಬಣ್ಣ ಮುಟ್ಟಿ ನೋಡಿ, ತನ್ನ ಅಂಗೈ ನೋಡಿಕೊಂಡು ಹೋಯಿತು.

ಶನಿವಾರ ಮಧ್ಯಾಹ್ನದ ರೈಲಿಗೆ ಟಿಲ್ಡ ಬಂದಳು. ಶಾಸನಸಭೆಗೆ ಶನಿವಾರ, ಭಾನುವಾರ ರಜೆಯಂತೆ. ಚೀಲ ಕೆಳಗಿಟ್ಟವಳೇ ಬ್ರೂನೋನನ್ನು ಒಲೆಯಿಂದ ಎಬ್ಬಿಸಿ, "ಇದೇನು ಆಲೂಗಡ್ಡೆ ಸುಟ್ಟಿದೀಯೋ, ಯುದ್ಧ ಮಾಡಿದೀಯೋ" ಎಂದು ಬೈದು, ತಾನೇ ಕೂತಳು. ಬೂದಿ ಕೆದಕಿದಳು. ನಾನು ಸ್ಟೂಲಿನಿಂದ ಎದ್ದು, ಚೌಕ ದಾಟಿ, ಅವಳ ಮುಂದೆ ನಿಂತೆ. ಗವಸು ಜೇಬಿನಲ್ಲಿತ್ತು.

ಅವಳು ನನ್ನ ಅಂಗೈಗಳನ್ನು ಬಹಳ ಹೊತ್ತು ನೋಡಿದಳು.

"ಇನ್ನೂ ಗಾಢವಾಗೇ ಇದೆ" ಎಂದೆ. "ಹೋಗೋಕೆ ವರ್ಷಗಳೇ ಹಿಡೀಬಹುದು."

"ಹಿಡೀಲಿ. ನಾನೆಲ್ಲಿ ಹೋಗ್ತೀನಿ, ಶನಿವಾರ ಶನಿವಾರ ಬರ್ತೀನಲ್ಲ" ಎಂದಳು. "ಕೈ ಚಾಚು."

ಚಾಚಿದೆ. ಬೂದಿಯಿಂದ ಆಗ ತಾನೇ ತೆಗೆದ ಆಲೂಗಡ್ಡೆಯನ್ನು ಅವಳು ನೇರ ನನ್ನ ಬರಿ ಅಂಗೈ ಮೇಲೆ ಇಟ್ಟಳು. ಸುಟ್ಟಿತು. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ದಿನಾ ತಿಂದಿದ್ದೆ, ಇದು ಇಷ್ಟು ಬಿಸಿ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.